ಡಯಾಲಿಸಿಸ್‌ನಲ್ಲಿರುವವರ ಮೂಳೆ ಸವೆಯುವುದೇಕೆ, ರಕ್ತನಾಳ ಕಲ್ಲಾಗುವುದೇಕೆ

ಹಲವು ವರ್ಷಗಳಿಂದ ಡಯಾಲಿಸಿಸ್‌ನಲ್ಲಿರುವವರ ಕೈಯ ಎಕ್ಸ್-ರೇ ತೆಗೆದರೆ, ಒಂದಕ್ಕೊಂದು ತಾಳೆಯಾಗದ ಎರಡು ಸಂಗತಿಗಳು ಕೆಲವೊಮ್ಮೆ ಒಂದೇ ಚಿತ್ರದಲ್ಲಿ ಕಾಣಿಸುತ್ತವೆ. ತೋರುಬೆರಳು ಮತ್ತು ನಡುಬೆರಳಿನ ಮಧ್ಯದ ಮೂಳೆಯಲ್ಲಿ, ಹೆಬ್ಬೆರಳಿನ ಕಡೆಗಿರುವ ಅಂಚು ನುಣುಪು ಕಳೆದುಕೊಂಡು ಅಲ್ಲಲ್ಲಿ ಸವೆದಿರುತ್ತದೆ. ಅದೇ ಬೆರಳಿನ ಬದಿಯಲ್ಲಿ ಹರಿಯುವ ರಕ್ತನಾಳ ಸಾಮಾನ್ಯವಾಗಿ ಎಕ್ಸ್-ರೇಗೆ ಕಾಣುವುದಿಲ್ಲ. ಇಲ್ಲಿ ಅದು ಜೋಡಿ ಬಿಳಿ ಗೆರೆಗಳಾಗಿ ಎದ್ದು ಕಾಣುತ್ತದೆ. ಕ್ಯಾಲ್ಸಿಯಂ ಇರಬೇಕಾದ ಕಡೆಯಿಂದ ಕರಗಿದೆ, ಇರಬಾರದ ಕಡೆ ಹೋಗಿ ಕೂತಿದೆ.

ಇದಕ್ಕಿಂತ ಗೊಂದಲ ಹುಟ್ಟಿಸುವುದು ಅದೇ ವ್ಯಕ್ತಿಯ ರಕ್ತಪರೀಕ್ಷೆಯ ವರದಿ. ಕ್ಯಾಲ್ಸಿಯಂ ಡೆಸಿಲೀಟರಿಗೆ 9 ಮಿಲಿಗ್ರಾಂ ಆಸುಪಾಸು, ಅಂದರೆ ಸರಿಯಾಗಿಯೇ ಇರಬಹುದು. 'ಕ್ಯಾಲ್ಸಿಯಂ ನಾರ್ಮಲ್ ಇದೆಯಲ್ಲ, ಮತ್ತೆ ಮೂಳೆಗೇನಾಯಿತು?' ಎಂದು ಮನೆಯವರು ಕೇಳುವುದು ಸಹಜ. ಆ ನಾರ್ಮಲ್ ಅಂಕಿಯನ್ನು ಕಾಪಾಡಿಕೊಳ್ಳಲು ದೇಹ ಮೂಳೆಯನ್ನೇ ಬೆಲೆಯಾಗಿ ತೆತ್ತಿರುತ್ತದೆ. ವರದಿಯಲ್ಲಿ ಕಾಣುವುದು ಕೊಂಡ ವಸ್ತು ಮಾತ್ರ, ಕೊಟ್ಟ ಬೆಲೆ ಕಾಣುವುದಿಲ್ಲ.

ಕಿಡ್ನಿ ಕೆಟ್ಟವರ ಮೂಳೆ ಹಾಳಾಗುತ್ತದೆ ಎಂಬುದು ಹಳೆಯ ತಿಳಿವಳಿಕೆ. 1940ರ ದಶಕದಲ್ಲೇ ಚೀನಾದ ವೈದ್ಯರಾದ ಲಿಯು ಮತ್ತು ಚು ಇದನ್ನು 'ರೀನಲ್ ಆಸ್ಟಿಯೋಡಿಸ್ಟ್ರೊಫಿ' ಎಂದು ಕರೆದಿದ್ದರು. ಆ ಹೆಸರು ಮೂಳೆಯನ್ನಷ್ಟೇ ನೋಡುತ್ತಿತ್ತು. ರಕ್ತದ ಖನಿಜಗಳ ಏರುಪೇರು, ಮೂಳೆಯ ಹಾನಿ, ರಕ್ತನಾಳಗಳಲ್ಲಿ ಸುಣ್ಣ ಕಟ್ಟುವಿಕೆ, ಈ ಮೂರೂ ಒಂದೇ ಕಾಯಿಲೆಯ ಮುಖಗಳು ಎಂದು ಒಪ್ಪಿ, ಕಿಡ್ನಿ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೋ 2006ರಲ್ಲಿ ಹೊಸ ಹೆಸರಿಟ್ಟಿತು: ಸಿಕೆಡಿ-ಎಂಬಿಡಿ, ಅಂದರೆ ದೀರ್ಘಕಾಲದ ಕಿಡ್ನಿ ಕಾಯಿಲೆಯ ಖನಿಜ ಮತ್ತು ಮೂಳೆ ತೊಂದರೆ. ಹೆಸರು ಉದ್ದವಾಯಿತು ನಿಜ, ಆದರೆ ಡಯಾಲಿಸಿಸ್‌ನಲ್ಲಿರುವವರ ಜೀವಕ್ಕೆ ಹೆಚ್ಚು ಕುತ್ತು ತರುವ ಹೃದಯ ಮತ್ತು ರಕ್ತನಾಳಗಳು ಅದರೊಳಗೆ ಸೇರಿದವು.

ಎಲ್ಲಕ್ಕೂ ಮೊದಲು ರಂಜಕ

ದೇಹದಲ್ಲಿರುವ ಕ್ಯಾಲ್ಸಿಯಂನಲ್ಲಿ ಶೇ. 99 ಭಾಗ ಮೂಳೆ ಮತ್ತು ಹಲ್ಲುಗಳಲ್ಲಿದೆ. ರಂಜಕದಲ್ಲಿ, ಅಂದರೆ ವರದಿಯಲ್ಲಿ ಫಾಸ್ಫರಸ್ ಅಥವಾ ಫಾಸ್ಫೇಟ್ ಎಂದು ಬರೆಯುವ ಖನಿಜದಲ್ಲಿ, ಸುಮಾರು ಶೇ. 85 ಮೂಳೆಯಲ್ಲಿ, ಉಳಿದದ್ದರಲ್ಲಿ ಹೆಚ್ಚಿನದು ಜೀವಕೋಶಗಳ ಒಳಗೆ. ರಕ್ತದಲ್ಲಿ ಓಡಾಡುವುದು ತೀರಾ ಅತ್ಯಲ್ಪ. ನಾವು ಅಳೆಯುವುದು ಆ ಅತ್ಯಲ್ಪವನ್ನೇ. ಆರೋಗ್ಯವಂತರಲ್ಲಿ ರಕ್ತದ ರಂಜಕ ಡೆಸಿಲೀಟರಿಗೆ 2.5ರಿಂದ 4.5 ಮಿಲಿಗ್ರಾಂ ಒಳಗಿರುತ್ತದೆ. ಊಟದಲ್ಲಿ ಎಷ್ಟೇ ಹೆಚ್ಚುಕಡಿಮೆಯಾದರೂ ಈ ಅಂಕಿ ಹೆಚ್ಚು ಅಲುಗಾಡದಂತೆ ಕಿಡ್ನಿ ನೋಡಿಕೊಳ್ಳುತ್ತದೆ. ಹೆಚ್ಚಾದದ್ದು ಮೂತ್ರದಲ್ಲಿ ಹೊರಗೆ ಹೋಗುತ್ತದೆ.

ಕಿಡ್ನಿಯ ಕೆಲಸ ಅರ್ಧಕ್ಕಿಳಿದಾಗಲೂ ರಕ್ತದ ರಂಜಕ ಏರುವುದಿಲ್ಲ. ಇದು ಮೊದಮೊದಲು ವೈದ್ಯರನ್ನೂ ದಾರಿ ತಪ್ಪಿಸಿತ್ತು. ತೆರೆಮರೆಯಲ್ಲಿ ಎರಡು ಹಾರ್ಮೋನುಗಳು ದುಡಿಯುತ್ತಿರುತ್ತವೆ. ಒಂದು, ಕುತ್ತಿಗೆಯಲ್ಲಿ ಥೈರಾಯ್ಡ್ ಹಿಂಬದಿಗೆ ಅಂಟಿಕೊಂಡಿರುವ ನಾಲ್ಕು ಪುಟ್ಟ ಗ್ರಂಥಿಗಳಿಂದ ಬರುವ ಪ್ಯಾರಾಥೈರಾಯ್ಡ್ ಹಾರ್ಮೋನ್, ಅಂದರೆ ಪಿಟಿಎಚ್. ಇನ್ನೊಂದು, ಮೂಳೆಯೊಳಗಿನ ಜೀವಕೋಶಗಳೇ ತಯಾರಿಸುವ ಎಫ್‌ಜಿಎಫ್-23. ಇದು ಬೆಳಕಿಗೆ ಬಂದಿದ್ದು 2000ರಲ್ಲಷ್ಟೆ. ಮೂಳೆ ಎಂದರೆ ಸುಮ್ಮನೆ ನಿಂತ ಕಂಬ ಎಂದುಕೊಂಡಿದ್ದವರಿಗೆ, ಅದೂ ಒಂದು ಹಾರ್ಮೋನ್ ಗ್ರಂಥಿಯಂತೆ ವರ್ತಿಸಿ ಕಿಡ್ನಿಗೆ ಆದೇಶ ಕಳಿಸುತ್ತದೆ ಎಂದು ತಿಳಿದದ್ದು ಸಣ್ಣ ಸುದ್ದಿಯೇನಲ್ಲ.

ಎರಡೂ ಹಾರ್ಮೋನುಗಳು ಕಿಡ್ನಿಗೆ ಹೇಳುವುದು ಒಂದೇ: ರಂಜಕವನ್ನು ಹಿಡಿದಿಟ್ಟುಕೊಳ್ಳಬೇಡ, ಹೊರಗೆ ಬಿಡು. ಉಳಿದಿರುವ ಕಿಡ್ನಿ ಭಾಗ ಹೆಚ್ಚು ಹೆಚ್ಚು ದುಡಿದು ಲೆಕ್ಕ ಸರಿತೂಗಿಸುತ್ತದೆ. ಆದರೆ ಎಫ್‌ಜಿಎಫ್-23ಗೆ ಇನ್ನೊಂದು ಗುಣವಿದೆ. ಅದು ವಿಟಮಿನ್ ಡಿಯ ಕೊನೆಯ ಹಂತದ ತಯಾರಿಯನ್ನು ತಡೆಯುತ್ತದೆ. ಚರ್ಮದಲ್ಲಿ ಹುಟ್ಟಿದ ಅಥವಾ ಆಹಾರದಿಂದ ಬಂದ ವಿಟಮಿನ್ ಡಿ ಯಕೃತ್ತಿನಲ್ಲಿ ಒಮ್ಮೆ, ಕಿಡ್ನಿಯಲ್ಲಿ ಇನ್ನೊಮ್ಮೆ ಬದಲಾದ ಮೇಲೆಯೇ ಕ್ಯಾಲ್ಸಿಟ್ರಿಯಾಲ್ ಎಂಬ ಪೂರ್ಣರೂಪಕ್ಕೆ ಬರುವುದು. ಕ್ಯಾಲ್ಸಿಟ್ರಿಯಾಲ್ ಕಡಿಮೆಯಾದರೆ ಕರುಳು ಆಹಾರದಿಂದ ಕ್ಯಾಲ್ಸಿಯಂ ಹೀರುವುದು ತಗ್ಗುತ್ತದೆ. ರಕ್ತದ ಕ್ಯಾಲ್ಸಿಯಂ ಕೊಂಚ ಇಳಿದರೂ ಪ್ಯಾರಾಥೈರಾಯ್ಡ್ ಗ್ರಂಥಿಗೆ ಕೂಡಲೇ ಗೊತ್ತಾಗುತ್ತದೆ. ಅದು ಮತ್ತಷ್ಟು ಪಿಟಿಎಚ್ ಸುರಿಸುತ್ತದೆ. ಪಿಟಿಎಚ್ ಮೂಳೆಗೆ ಹೋಗಿ ಅಲ್ಲಿಂದ ಕ್ಯಾಲ್ಸಿಯಂ ಬಿಡಿಸಿ ರಕ್ತಕ್ಕೆ ತರುತ್ತದೆ. ರಕ್ತದ ಕ್ಯಾಲ್ಸಿಯಂ ಮತ್ತೆ ನಾರ್ಮಲ್.

ಒಂದನ್ನು ಸರಿಮಾಡಲು ಹೋಗಿ ಇನ್ನೊಂದನ್ನು ಕೆಡಿಸಿಕೊಳ್ಳುವ ಈ ವ್ಯವಹಾರವನ್ನು ಅಮೆರಿಕದ ಕಿಡ್ನಿ ತಜ್ಞ ನೀಲ್ ಬ್ರಿಕರ್ 1972ರಲ್ಲೇ ಬಿಡಿಸಿ ಹೇಳಿದ್ದರು. ಎಫ್‌ಜಿಎಫ್-23 ಇರುವುದು ಆಗ ಯಾರಿಗೂ ಗೊತ್ತಿರಲಿಲ್ಲ. ಆದರೂ ಅವರ ವಾದದ ಹಂದರ ಇವತ್ತಿಗೂ ನಿಂತಿದೆ. ಹಾಗಾಗಿ ಮೂಳೆಯ ತೊಂದರೆ ಡಯಾಲಿಸಿಸ್‌ನಿಂದ ಶುರುವಾದದ್ದಲ್ಲ. ಮೊದಲ ಡಯಾಲಿಸಿಸ್‌ಗೆ ಮಲಗುವ ಹೊತ್ತಿಗೆ ಅದು ವರ್ಷಗಳಷ್ಟು ಹಳೆಯದಾಗಿರುತ್ತದೆ. ಆಮೇಲೆ, ಆದೇಶ ಪಾಲಿಸಬೇಕಾದ ಕಿಡ್ನಿಯೇ ಇಲ್ಲದಾಗ, ಹಾರ್ಮೋನುಗಳು ಕೂಗುತ್ತಲೇ ಹೋಗುತ್ತವೆ. ಡಯಾಲಿಸಿಸ್‌ನಲ್ಲಿರುವವರ ಎಫ್‌ಜಿಎಫ್-23 ನಾರ್ಮಲ್‌ಗಿಂತ ನೂರಾರು ಪಟ್ಟು, ಕೆಲವರಲ್ಲಿ ಸಾವಿರ ಪಟ್ಟು ಏರಿರುತ್ತದೆ. ಆ ಮಟ್ಟದಲ್ಲಿ ಅದು ಹೃದಯದ ಸ್ನಾಯುವನ್ನು ದಪ್ಪಗಾಗಿಸುತ್ತದೆ ಎನ್ನಲು ಪ್ರಯೋಗಾಲಯದ ಪುರಾವೆಗಳಿವೆ.

ಒಂದು ವಾರದ ಲೆಕ್ಕ

ಇಲ್ಲಿ ಅಂಕಿಗಳನ್ನು ಕೂಡಿಸಿ ಕಳೆದು ನೋಡುವುದೇ ಒಳ್ಳೆಯದು. ಸಾಧಾರಣ ಊಟದಲ್ಲಿ ದಿನಕ್ಕೆ 1,000 ಮಿಲಿಗ್ರಾಂ ರಂಜಕ ಇದೆ ಎನ್ನೋಣ. ಅದರಲ್ಲಿ ಸುಮಾರು ಶೇ. 60, ಅಂದರೆ 600 ಮಿಲಿಗ್ರಾಂ ರಕ್ತಕ್ಕೆ ಸೇರುತ್ತದೆ. ವಾರಕ್ಕೆ 4,200. ನಾಲ್ಕು ಗಂಟೆಯ ಒಂದು ಡಯಾಲಿಸಿಸ್ ತೆಗೆಯುವುದು ಸರಿಸುಮಾರು 800 ಮಿಲಿಗ್ರಾಂ. ವಾರಕ್ಕೆ ಮೂರು ಸಲ ಮಾಡಿಸಿದರೆ 2,400. ಉಳಿಯುವುದು 1,800, ದಿನಕ್ಕೆ ಹತ್ತಿರಹತ್ತಿರ 250 ಮಿಲಿಗ್ರಾಂ. ಯಾರೂ ಏನೂ ತಪ್ಪು ಮಾಡಿಲ್ಲ. ಡಯಾಲಿಸಿಸ್ ಒಂದನ್ನೂ ತಪ್ಪಿಸಿಲ್ಲ, ಊಟ ಅತಿಯಾಗಿಲ್ಲ. ಆದರೂ ಪ್ರತಿದಿನ ಇಷ್ಟು ಉಳಿಕೆ.

ಮತ್ತೆ ಯಂತ್ರ ರಕ್ತದಲ್ಲಿನ ಯೂರಿಯಾ ಎಂಬ ಕಸವನ್ನು ಚೆನ್ನಾಗಿ ತೊಳೆಯುತ್ತದಲ್ಲ, ರಂಜಕಕ್ಕೇಕೆ ಸೋಲುತ್ತದೆ? ಕಾರಣ ರಂಜಕ ಇರುವ ಜಾಗ. ಬಾವಿಯಲ್ಲಿ ನಿಂತ ನೀರನ್ನು ಸೇದಿ ಖಾಲಿ ಮಾಡುವುದು ಸುಲಭ, ಒರತೆ ಮತ್ತೆ ತುಂಬಲು ಹೊತ್ತು ಹಿಡಿಯುತ್ತದೆ. ಹಾಗೆಯೇ ಡಯಾಲಿಸಿಸ್‌ನ ಮೊದಲ ಒಂದೆರಡು ಗಂಟೆಯಲ್ಲಿ ರಕ್ತದ ರಂಜಕ ಸರಸರ ಇಳಿಯುತ್ತದೆ. ಆಮೇಲೆ ಜೀವಕೋಶಗಳಿಂದ, ಮೂಳೆಯಿಂದ ಜಿನುಗಿ ಬಂದಷ್ಟನ್ನೇ ಯಂತ್ರ ತೆಗೆಯಬೇಕು. ಯಂತ್ರ ನಿಂತ ಕೆಲವೇ ಗಂಟೆಗಳಲ್ಲಿ ಅಂಕಿ ಮತ್ತೆ ಮೇಲೇರಿರುತ್ತದೆ. ಹಾಗಾಗಿ ರಂಜಕದ ವಿಷಯದಲ್ಲಿ ಯಂತ್ರದ ವೇಗಕ್ಕಿಂತ ಸಮಯಕ್ಕೇ ಬೆಲೆ. ರಾತ್ರಿಯಿಡೀ ಆರೆಂಟು ಗಂಟೆ, ವಾರದಲ್ಲಿ ಹೆಚ್ಚಿನ ದಿನ ನಿಧಾನವಾಗಿ ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ರಂಜಕ ಎಷ್ಟು ಇಳಿಯುತ್ತದೆಂದರೆ, ಕೆಲವರಿಗೆ ಡಯಾಲಿಸಿಸ್ ದ್ರಾವಣಕ್ಕೇ ರಂಜಕ ಬೆರೆಸಬೇಕಾಗುತ್ತದೆ. ನಾಲ್ಕು ಗಂಟೆಯ ಡಯಾಲಿಸಿಸ್‌ನಿಂದ 'ಇವತ್ತು ಅರ್ಧ ಗಂಟೆ ಮೊದಲೇ ಬಿಟ್ಟುಬಿಡಿ' ಎಂದು ಎದ್ದುಬಂದಾಗ ಕಳೆದುಕೊಳ್ಳುವುದರಲ್ಲಿ ಇದೂ ಒಂದು.

ಉಳಿಕೆಯನ್ನು ಕಡಿಮೆ ಮಾಡಲು ಊಟವನ್ನೇ ತಗ್ಗಿಸೋಣ ಎಂದರೆ ಅಲ್ಲೊಂದು ಇಕ್ಕಟ್ಟು. ರಂಜಕ ಪ್ರೋಟೀನಿನ ಬೆನ್ನಿಗೇ ಬರುತ್ತದೆ. ಡಯಾಲಿಸಿಸ್‌ನಲ್ಲಿರುವವರಿಗೆ ಪ್ರೋಟೀನ್ ಬೇಕೇ ಬೇಕು, ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ. ಪ್ರೋಟೀನ್ ಬಿಟ್ಟು ರಂಜಕ ಇಳಿಸಿಕೊಂಡವರ ವರದಿ ಚೆಂದ ಕಾಣುತ್ತದೆ, ಸ್ನಾಯು ಕರಗಿ ಮನುಷ್ಯ ಸೊರಗಿರುತ್ತಾನೆ. ಆದ್ದರಿಂದ ನೋಡಬೇಕಾದ್ದು ರಂಜಕ ಯಾವ ರೂಪದಲ್ಲಿ ಬರುತ್ತದೆ ಎಂಬುದನ್ನು. ಕಾಳು, ಧಾನ್ಯ, ಬೀಜಗಳಲ್ಲಿ ಅದು ಬಹುಪಾಲು ಫೈಟೇಟ್ ಎಂಬ ರೂಪದಲ್ಲಿ ಬಂಧಿಯಾಗಿದೆ. ಅದನ್ನು ಬಿಡಿಸುವ ಕಿಣ್ವ ನಮ್ಮ ಕರುಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಅರ್ಧದಷ್ಟೂ ಒಳಗೆ ಸೇರುವುದಿಲ್ಲ. ಹಾಲು, ಮಾಂಸದ ರಂಜಕ ಇನ್ನೂ ಹೆಚ್ಚು ಸೇರುತ್ತದೆ. ಮೊಟ್ಟೆಯ ಹಳದಿಯಲ್ಲಿ ರಂಜಕ ತುಂಬಿದೆ, ಬಿಳಿಯಲ್ಲಿ ಪ್ರೋಟೀನ್ ಚೆನ್ನಾಗಿದ್ದು ರಂಜಕ ಬಹಳ ಕಡಿಮೆ. ಎಲ್ಲಕ್ಕಿಂತ ಕೆಟ್ಟದ್ದು ಪ್ಯಾಕೆಟ್ ಆಹಾರಕ್ಕೆ ಕೆಡದಿರಲೆಂದು, ಮೆದುವಾಗಿರಲೆಂದು, ಹುಳಿ ಬರಲೆಂದು ಬೆರೆಸುವ ಫಾಸ್ಫೇಟ್ ಉಪ್ಪುಗಳು. ಅವು ಶೇ. 90ಕ್ಕೂ ಮೀರಿ ರಕ್ತಕ್ಕೆ ಸೇರುತ್ತವೆ. ಕೋಲಾ ಪಾನೀಯಗಳ ಹುಳಿ ಫಾಸ್ಫಾರಿಕ್ ಆಮ್ಲದ್ದು. ಸಂಸ್ಕರಿಸಿದ ಮಾಂಸ, ಹರಡುವ ಚೀಸ್, ಬೇಕರಿ ಪದಾರ್ಥಗಳ ಲೇಬಲ್‌ನಲ್ಲಿ ಎಷ್ಟು ರಂಜಕ ಇದೆಯೆಂದು ಸಾಮಾನ್ಯವಾಗಿ ಬರೆದಿರುವುದಿಲ್ಲ. ಆದರೆ ಪದಾರ್ಥಗಳ ಪಟ್ಟಿಯಲ್ಲಿ 'ಫಾಸ್' ಎಂದು ಶುರುವಾಗುವ ಅಥವಾ 'ಫಾಸ್ಫೇಟ್' ಎಂದು ಮುಗಿಯುವ ಹೆಸರು, ಇಲ್ಲವೇ 338ರಿಂದ 341, 450ರಿಂದ 452ರ ನಡುವಿನ ಸಂಕೇತ ಸಂಖ್ಯೆ ಕಂಡರೆ ಅದೇ ಇದು. ಇದನ್ನು ಬಿಟ್ಟರೆ ಪ್ರೋಟೀನ್ ಒಂದು ಗ್ರಾಂ ಕೂಡ ಕಡಿಮೆಯಾಗುವುದಿಲ್ಲ. ನನ್ನ ಮಟ್ಟಿಗೆ, ರಂಜಕದ ಪಥ್ಯ ಶುರುವಾಗಬೇಕಾದ್ದು ಇಲ್ಲಿಂದ. ತಟ್ಟೆಯಿಂದ ಕಾಳು ತೆಗೆಸುವುದರಿಂದಲ್ಲ.

ಊಟದ ಜೊತೆಯ ಮಾತ್ರೆ

ಇಷ್ಟಾದ ಮೇಲೂ ಉಳಿಯುವುದಕ್ಕೆ ಫಾಸ್ಫೇಟ್ ಬೈಂಡರ್‌ಗಳಿವೆ. ಇವು ಕರುಳಿನಲ್ಲೇ ಊಟದ ರಂಜಕಕ್ಕೆ ಅಂಟಿಕೊಂಡು ಅದನ್ನು ಮಲದ ದಾರಿಯಲ್ಲಿ ಸಾಗಿಸುತ್ತವೆ. ಊಟವಿಲ್ಲದಾಗ ನುಂಗಿದರೆ ಅಂಟಿಕೊಳ್ಳಲು ಏನೂ ಇರುವುದಿಲ್ಲ. ರಾತ್ರಿ ಮಲಗುವಾಗ ನೆನಪಾಗಿ ಬಾಕಿಯಿದ್ದ ಮೂರನ್ನೂ ಒಟ್ಟಿಗೆ ನುಂಗಿದವರಿಗೆ ಆ ದಿನದ ಬೈಂಡರ್ ಕೆಲಸ ಸೊನ್ನೆ.

ಹೆಚ್ಚಿನ ಗೊಂದಲ ಹುಟ್ಟುವುದು ಕ್ಯಾಲ್ಸಿಯಂ ಕಾರ್ಬೊನೇಟ್ ಮತ್ತು ಕ್ಯಾಲ್ಸಿಯಂ ಅಸಿಟೇಟ್ ಮಾತ್ರೆಗಳಲ್ಲಿ. ಹೆಸರು ನೋಡಿ 'ಮೂಳೆ ಗಟ್ಟಿಯಾಗಲು ಕೊಟ್ಟ ಕ್ಯಾಲ್ಸಿಯಂ' ಎಂದುಕೊಂಡು ಊಟದ ಎರಡು ಗಂಟೆ ನಂತರ, ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳುವವರಿದ್ದಾರೆ. ಆಗ ರಂಜಕ ಹಿಡಿಯುವ ಕೆಲಸ ಆಗುವುದಿಲ್ಲ. ಕ್ಯಾಲ್ಸಿಯಂ ಮಾತ್ರ ಹೆಚ್ಚಾಗಿ ರಕ್ತಕ್ಕೆ ಸೇರುತ್ತದೆ. ಬೇಕಾದ್ದು ತಪ್ಪಿ ಬೇಡದ್ದು ಸಿಕ್ಕಂತಾಯಿತು.

ಮಾತ್ರೆಗಳ ಸಂಖ್ಯೆ ಏಕೆ ಅಷ್ಟು ಹೆಚ್ಚು ಎಂಬುದಕ್ಕೂ ಮೇಲಿನ ಲೆಕ್ಕವೇ ಉತ್ತರ. ಒಂದು ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಹಿಡಿಯುವುದು ಸುಮಾರು 40 ಮಿಲಿಗ್ರಾಂ ರಂಜಕ. ದಿನದ 250 ಮಿಲಿಗ್ರಾಂ ಉಳಿಕೆಗೆ ಆರು ಗ್ರಾಂ ಮೀರಿ ಬೇಕು. ಕಾರ್ಬೊನೇಟಿನ ಶೇ. 40 ಭಾಗ ಶುದ್ಧ ಕ್ಯಾಲ್ಸಿಯಂ, ಅಂದರೆ ದಿನಕ್ಕೆ ಎರಡೂವರೆ ಗ್ರಾಂ ಕ್ಯಾಲ್ಸಿಯಂ ಹೊಟ್ಟೆಗೆ ಇಳಿದಂತೆ. ಅದೆಲ್ಲ ಎಲ್ಲಿಗೆ ಹೋಗಬೇಕು? 2000ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ ಡಯಾಲಿಸಿಸ್‌ನಲ್ಲಿದ್ದ ಎಳೆಯ ವಯಸ್ಸಿನವರ ಹೃದಯದ ರಕ್ತನಾಳಗಳಲ್ಲಿ ಸುಣ್ಣ ಕಟ್ಟಿದ್ದು ಕಂಡಿತು. ಹಾಗೆ ಕಟ್ಟಿದವರು ಕ್ಯಾಲ್ಸಿಯಂ ಇರುವ ಬೈಂಡರ್ ಹೆಚ್ಚು ನುಂಗಿದ್ದರು ಎಂಬುದೂ ಗೊತ್ತಾಯಿತು. ಕೆಡಿಗೋದ 2017ರ ಮಾರ್ಗಸೂಚಿ ಈ ಬೈಂಡರ್‌ಗಳ ಪ್ರಮಾಣಕ್ಕೆ ಮಿತಿ ಹಾಕಿ ಎನ್ನುತ್ತದೆ. ಬದಲಿಗೆ ಕ್ಯಾಲ್ಸಿಯಂ ಇಲ್ಲದ ಸೆವೆಲಮರ್, ಲ್ಯಾಂಥನಮ್ ಕಾರ್ಬೊನೇಟ್, ಕಬ್ಬಿಣದ ಅಂಶವುಳ್ಳ ಸುಕ್ರೋಫೆರಿಕ್ ಆಕ್ಸಿಹೈಡ್ರಾಕ್ಸೈಡ್, ಫೆರಿಕ್ ಸಿಟ್ರೇಟ್ ಇವೆ. ಕರುಳು ರಂಜಕ ಹೀರುವುದನ್ನೇ ತಗ್ಗಿಸುವ ಟೆನಾಪನಾರ್ ಕೂಡ ಬಂದಿದೆ. ಅದರ ದೊಡ್ಡ ಕಾಟ ಭೇದಿ.

ಇಲ್ಲೊಂದು ಮಾತನ್ನು ಮುಚ್ಚಿಡಬಾರದು. ರಂಜಕ ಹೆಚ್ಚಿರುವವರಲ್ಲಿ ಸಾವು ಹೆಚ್ಚು ಎಂಬುದನ್ನು ದೊಡ್ಡ ದೊಡ್ಡ ಅಧ್ಯಯನಗಳು 1990ರ ದಶಕದಿಂದ ಮತ್ತೆಮತ್ತೆ ತೋರಿಸಿವೆ. ಆದರೆ ಬೈಂಡರ್ ಕೊಟ್ಟು ರಂಜಕ ಇಳಿಸಿದರೆ ಆಯಸ್ಸು ಹೆಚ್ಚುತ್ತದೆ ಎಂದು ಖಚಿತವಾಗಿ ಸಾಧಿಸಿ ತೋರಿಸಿದ ದೊಡ್ಡ ಪ್ರಯೋಗ ಇನ್ನೂ ಬಂದಿಲ್ಲ. ಇಳಿಸಬೇಕು ಎನ್ನುವುದಕ್ಕೆ ತರ್ಕವಿದೆ, ಪ್ರಾಣಿಗಳ ಮೇಲಿನ ಪ್ರಯೋಗಗಳಿವೆ, ವೈದ್ಯರ ಅನುಭವವಿದೆ. ಆದ್ದರಿಂದಲೇ ಮಾರ್ಗಸೂಚಿಯೂ 'ನಾರ್ಮಲ್ ಕಡೆಗೆ ಇಳಿಸಿ' ಎನ್ನುತ್ತದೆಯೇ ಹೊರತು ಇಷ್ಟೇ ಇರಲೇಬೇಕು ಎಂದು ಗೆರೆ ಎಳೆಯುವುದಿಲ್ಲ.

ಪಿಟಿಎಚ್: ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ

ಮೂಳೆ ಸದಾ ಕೆಡವಿ ಕಟ್ಟುವ ಕೆಲಸದಲ್ಲಿರುತ್ತದೆ. ಒಂದು ಬಗೆಯ ಜೀವಕೋಶ ಹಳತನ್ನು ಕರಗಿಸಿದರೆ ಇನ್ನೊಂದು ಹೊಸದನ್ನು ಕಟ್ಟುತ್ತದೆ. ಪಿಟಿಎಚ್ ಅತಿಯಾದಾಗ ಈ ಕೆಲಸ ಹುಚ್ಚು ವೇಗಕ್ಕೆ ತಿರುಗುತ್ತದೆ. ಕಟ್ಟಿದ್ದು ಗಟ್ಟಿಯಾಗುವ ಮೊದಲೇ ಮತ್ತೆ ಕೆಡವಲಾಗುತ್ತದೆ. ನಡುವೆ ನಾರು ತುಂಬಿಕೊಳ್ಳುತ್ತದೆ. ಮೂಳೆನೋವು, ಕುಳಿತಲ್ಲಿಂದ ಏಳಲಾಗದಷ್ಟು ತೊಡೆಯ ದೌರ್ಬಲ್ಯ, ಬಿಡದ ತುರಿಕೆ ಇವೆಲ್ಲ ಬರಬಹುದು. ಕೆಲವರಲ್ಲಿ ಮಂಡಿಯ ಮೇಲಿನ ದೊಡ್ಡ ಸ್ನಾಯುರಜ್ಜು ಸಣ್ಣ ಎಡವಿಗೇ ಹರಿಯುವುದುಂಟು. ಆದರೆ ಬಹುತೇಕರಿಗೆ ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಮೂಳೆ ಮುರಿದಾಗಲೇ ಗೊತ್ತಾಗುವುದು.

ಹಾಗಾದರೆ ಪಿಟಿಎಚ್‌ಅನ್ನು ಆರೋಗ್ಯವಂತರ ಮಟ್ಟಕ್ಕೇ ಇಳಿಸಿಬಿಡಬಹುದಲ್ಲ? ಹಿಂದೆ ಹಾಗೆ ಮಾಡಿ ನೋಡಿದ್ದೂ ಆಗಿದೆ. ಕಿಡ್ನಿ ಕೆಟ್ಟವರ ಮೂಳೆ ಪಿಟಿಎಚ್ ಮಾತಿಗೆ ಕಿವುಡಾಗಿರುತ್ತದೆ. ಅದನ್ನು ಎಬ್ಬಿಸಲು ಗಟ್ಟಿಯಾಗಿಯೇ ಹೇಳಬೇಕು. ಪಿಟಿಎಚ್ ತೀರಾ ಇಳಿದರೆ ಮೂಳೆಯ ಕೆಲಸ ನಿಂತೇಹೋಗುತ್ತದೆ. ಇದಕ್ಕೆ ಅಡೈನಾಮಿಕ್ ಬೋನ್, ಅಂದರೆ ನಿಶ್ಚಲ ಮೂಳೆ ಎಂದು ಹೆಸರು. ಸೂಕ್ಷ್ಮ ಬಿರುಕುಗಳು ದುರಸ್ತಿಯಾಗದೆ ಹಾಗೇ ಉಳಿಯುತ್ತವೆ. ಅದಕ್ಕಿಂತ ಅಪಾಯವೆಂದರೆ ರಕ್ತಕ್ಕೆ ಬಂದ ಹೆಚ್ಚಿನ ಕ್ಯಾಲ್ಸಿಯಂ ಮೂಳೆಯಲ್ಲಿ ಇಳಿಯಲು ಜಾಗ ಸಿಗದೆ ರಕ್ತನಾಳಗಳ ಪಾಲಾಗುವುದು. ವಯಸ್ಸಾದವರು, ಸಕ್ಕರೆ ಕಾಯಿಲೆ ಇರುವವರು, ಕ್ಯಾಲ್ಸಿಯಂ ಮತ್ತು ಕ್ಯಾಲ್ಸಿಟ್ರಿಯಾಲ್ ಹೆಚ್ಚು ಪಡೆದವರಲ್ಲಿ ಇದು ಹೆಚ್ಚು.

ಹೀಗಾಗಿ ಡಯಾಲಿಸಿಸ್‌ನಲ್ಲಿರುವವರಿಗೆ ಪಿಟಿಎಚ್‌ನ ಗುರಿ ನಾರ್ಮಲ್ ಅಲ್ಲ. ಪ್ರಯೋಗಾಲಯ ಕೊಡುವ ನಾರ್ಮಲ್‌ನ ಮೇಲಿನ ಮಿತಿಗಿಂತ ಎರಡರಿಂದ ಒಂಬತ್ತು ಪಟ್ಟು ಒಳಗಿರಲಿ ಎನ್ನುತ್ತದೆ ಕೆಡಿಗೋ. ಮೇಲಿನ ಮಿತಿ ಮಿಲಿಲೀಟರಿಗೆ 65 ಪಿಕೊಗ್ರಾಂ ಎಂದಿಟ್ಟುಕೊಂಡರೆ, ಸುಮಾರು 130ರಿಂದ 585. ವರದಿಯಲ್ಲಿ 400 ಎಂದು ಕೆಂಪು ಗುರುತು ಬಿದ್ದಿರುವುದನ್ನು ನೋಡಿ ಗಾಬರಿಯಾಗಬೇಕಿಲ್ಲ. ಆದರೆ 150 ಇದ್ದದ್ದು ಆರು ತಿಂಗಳಲ್ಲಿ 250, ಆಮೇಲೆ 400 ಆಗಿದ್ದರೆ, ಇನ್ನೂ ಗುರಿಯೊಳಗೇ ಇದೆ ಎಂದು ಸುಮ್ಮನಿರುವಂತಿಲ್ಲ. ಪರೀಕ್ಷೆಯ ಕಿಟ್ ಬದಲಾದರೆ ಅಂಕಿಯೂ ಬದಲಾಗುತ್ತದೆ. ಆದ್ದರಿಂದ ಒಂದೇ ಪ್ರಯೋಗಾಲಯದಲ್ಲಿ ಮಾಡಿಸಿ, ಹಳೆಯ ವರದಿಗಳ ಸಾಲಿನಲ್ಲಿಟ್ಟು ನೋಡುವುದು ಕ್ಷೇಮ.

ಏರುತ್ತಿರುವ ಪಿಟಿಎಚ್ ಇಳಿಸಲು ಎರಡು ದಾರಿಗಳಿವೆ. ಕ್ಯಾಲ್ಸಿಟ್ರಿಯಾಲ್, ಆಲ್ಫಾಕ್ಯಾಲ್ಸಿಡಾಲ್, ಪ್ಯಾರಿಕ್ಯಾಲ್ಸಿಟಾಲ್‌ನಂಥ ಸಕ್ರಿಯ ವಿಟಮಿನ್ ಡಿ ಗ್ರಂಥಿಯನ್ನು ತಣ್ಣಗಾಗಿಸುತ್ತವೆ, ಆದರೆ ಕರುಳಿನಿಂದ ಕ್ಯಾಲ್ಸಿಯಂ ಮತ್ತು ರಂಜಕ ಎರಡನ್ನೂ ಹೆಚ್ಚು ಹೀರಿಸುತ್ತವೆ. ಸಿನಕ್ಯಾಲ್ಸೆಟ್ ಮಾತ್ರೆ ಮತ್ತು ಡಯಾಲಿಸಿಸ್ ಮುಗಿಯುವಾಗ ರಕ್ತಕ್ಕೆ ಕೊಡುವ ಎಟೆಲ್ಕ್ಯಾಲ್ಸೆಟೈಡ್ ಇದಕ್ಕೆ ತಿರುವುಮುರುವು. ರಕ್ತದಲ್ಲಿ ಕ್ಯಾಲ್ಸಿಯಂ ಸಾಕಷ್ಟಿದೆ ಎಂದು ಗ್ರಂಥಿಯನ್ನು ನಂಬಿಸುತ್ತವೆ, ಅದು ಸುಮ್ಮನಾಗುತ್ತದೆ. ಇವುಗಳಿಂದ ಕ್ಯಾಲ್ಸಿಯಂ ಇಳಿಯುತ್ತದೆ, ವಾಕರಿಕೆಯೂ ಸಾಮಾನ್ಯ. ಬಾಯಿ ಸುತ್ತ ಜುಮುಗುಡುವುದು, ಕೈ ಸೆಡೆತ ಕಂಡರೆ ಅದು ಕ್ಯಾಲ್ಸಿಯಂ ಇಳಿದ ಸೂಚನೆ. ಸಿನಕ್ಯಾಲ್ಸೆಟ್ ಸಾವನ್ನು ತಗ್ಗಿಸುತ್ತದೆಯೇ ಎಂದು 3,883 ರೋಗಿಗಳ ಮೇಲೆ ನಡೆದ ಇವಾಲ್ವ್ ಪ್ರಯೋಗದ ಫಲಿತಾಂಶ 2012ರಲ್ಲಿ ಬಂತು. ಪಿಟಿಎಚ್ ಇಳಿಯಿತು, ಸಾವು ಮತ್ತು ಹೃದಯದ ತೊಂದರೆಗಳ ಒಟ್ಟು ಲೆಕ್ಕದಲ್ಲಿ ಮಾತ್ರ ಖಚಿತ ಎನ್ನುವಂಥ ವ್ಯತ್ಯಾಸ ಸಿಗಲಿಲ್ಲ.

ವರ್ಷಗಟ್ಟಲೆ ಕೆರಳಿದ ಗ್ರಂಥಿ ಬೆಳೆಯುತ್ತದೆ. ಮೂವತ್ತು ನಲವತ್ತು ಮಿಲಿಗ್ರಾಂ ಇರಬೇಕಾದ್ದು ಅರ್ಧ ಗ್ರಾಂ ದಾಟುತ್ತದೆ, ಗಂಟುಗಳಾಗುತ್ತವೆ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಾತನ್ನು ಕೇಳುವುದನ್ನೇ ಬಿಡುತ್ತದೆ. ಆ ಹಂತದಲ್ಲಿ ಶಸ್ತ್ರಚಿಕಿತ್ಸೆಯೇ ದಾರಿ. ಮೂರೂವರೆ ಗ್ರಂಥಿ ತೆಗೆಯುತ್ತಾರೆ, ಇಲ್ಲವೇ ನಾಲ್ಕನ್ನೂ ತೆಗೆದು ಒಂದು ಚೂರನ್ನು ಮುಂದೋಳಿನ ಸ್ನಾಯುವಿನಲ್ಲಿ ನೆಡುತ್ತಾರೆ. ಮುಂದೆ ಮತ್ತೆ ಅದು ಬೆಳೆದರೆ ಕುತ್ತಿಗೆ ಕೊಯ್ಯದೆ ಕೈಯಿಂದಲೇ ತೆಗೆಯಬಹುದೆಂಬ ಯೋಚನೆ. ಶಸ್ತ್ರಚಿಕಿತ್ಸೆಯ ನಂತರದ ದಿನಗಳೇ ನಾಜೂಕು. ಪಿಟಿಎಚ್ ದಿಢೀರನೆ ಇಲ್ಲವಾದೊಡನೆ ಹಸಿದ ಮೂಳೆ ರಕ್ತದ ಕ್ಯಾಲ್ಸಿಯಂಅನ್ನೆಲ್ಲ ಎಳೆದುಕೊಳ್ಳುತ್ತದೆ. ಅದಕ್ಕೇ ಮೊದಲ ಎರಡು ಮೂರು ದಿನ ನಾಲ್ಕಾರು ಗಂಟೆಗೊಮ್ಮೆ ಕ್ಯಾಲ್ಸಿಯಂ ಪರೀಕ್ಷೆ, ಡ್ರಿಪ್‌ನಲ್ಲಿ ಕ್ಯಾಲ್ಸಿಯಂ ಎಲ್ಲ.

ಮೂಳೆಯೊಳಗೆ ಏನಾಗಿದೆ ಎಂದು ತಿಳಿಯುವುದು ಹೇಗೆ

ಪಿಟಿಎಚ್ ಊಹೆಗೆ ದಾರಿ ಕೊಡುತ್ತದೆ. ಮೂಳೆಯಿಂದ ಬರುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವದ ರಕ್ತಪರೀಕ್ಷೆಯೂ ಜೊತೆಗಿದ್ದರೆ ಊಹೆ ಇನ್ನಷ್ಟು ಗಟ್ಟಿಯಾಗುತ್ತದೆ. ಖಚಿತವಾಗಬೇಕೆಂದರೆ ಸೊಂಟದ ಮೂಳೆಯ ಚೂರು ತೆಗೆದು ನೋಡಬೇಕು. ಅದಕ್ಕೆ ಮೊದಲು ಟೆಟ್ರಾಸೈಕ್ಲಿನ್ ಎಂಬ ಮಾಮೂಲಿ ಆ್ಯಂಟಿಬಯಾಟಿಕ್ ಅನ್ನು ಕೆಲವು ದಿನ ಕೊಡುತ್ತಾರೆ, ಸುಮಾರು ಎರಡು ವಾರ ಬಿಟ್ಟು ಇನ್ನೊಮ್ಮೆ ಕೊಡುತ್ತಾರೆ. ಹೊಸದಾಗಿ ಮೂಳೆ ಕಟ್ಟುತ್ತಿರುವ ಜಾಗದಲ್ಲೇ ಅದು ಹೋಗಿ ಕೂರುತ್ತದೆ. ಸೂಕ್ಷ್ಮದರ್ಶಕದಡಿ ನೇರಳಾತೀತ ಬೆಳಕು ಬಿಟ್ಟರೆ ಎರಡು ಹೊಳೆಯುವ ಗೆರೆಗಳು. ಗೆರೆಗಳ ನಡುವಿನ ದೂರವೇ ಎರಡು ವಾರದಲ್ಲಿ ಮೂಳೆ ಬೆಳೆದ ಅಳತೆ. ದೂರ ಹೆಚ್ಚಿದ್ದರೆ ವೇಗದ ಮೂಳೆ, ಗೆರೆಯೇ ಇಲ್ಲದಿದ್ದರೆ ನಿಶ್ಚಲ ಮೂಳೆ. ಇಷ್ಟು ಸೊಗಸಾದ ಪರೀಕ್ಷೆ ದಿನನಿತ್ಯದಲ್ಲಿ ನಡೆಯುವುದು ಅಪರೂಪ. ನೋವಿನದ್ದು, ಓದಿ ಹೇಳಬಲ್ಲವರೂ ಕಡಿಮೆ.

ಈ ಚೂರುಗಳೇ ಹಿಂದೊಮ್ಮೆ ದೊಡ್ಡ ಅನಾಹುತವನ್ನು ಬಯಲಿಗೆಳೆದವು. 1970ರ ದಶಕದಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಡಯಾಲಿಸಿಸ್‌ನಲ್ಲಿದ್ದವರ ಮೂಳೆಗಳು ಮೆತ್ತಗಾಗಿ ಪಟಪಟನೆ ಮುರಿಯತೊಡಗಿದವು, ವಿಟಮಿನ್ ಡಿ ಕೊಟ್ಟರೂ ಜಗ್ಗಲಿಲ್ಲ. ಕಾರಣ ಡಯಾಲಿಸಿಸ್‌ಗೆ ಬಳಸುತ್ತಿದ್ದ ನೀರಿನಲ್ಲಿದ್ದ ಅಲ್ಯೂಮಿನಿಯಂ. ಅದು ಮೂಳೆ ಗಟ್ಟಿಯಾಗುವ ಅಂಚಿನಲ್ಲೇ ಶೇಖರವಾಗಿತ್ತು. ಅದೇ ಅಲ್ಯೂಮಿನಿಯಂ ಮಿದುಳಿಗೂ ಇಳಿದು ಮಾತು ತೊದಲಿಸಿ, ನಡುಕ ತಂದು, ಜೀವವನ್ನೇ ತೆಗೆಯುತ್ತದೆ ಎಂಬ ಸುಳಿವು ಅಮೆರಿಕದ ಡೆನ್ವರ್‌ನ ಅಧ್ಯಯನದಿಂದ 1976ರಲ್ಲಿ ಸಿಕ್ಕಿತು. ಆಗ ಬೈಂಡರ್ ಆಗಿ ಕೊಡುತ್ತಿದ್ದುದೂ ಅಲ್ಯೂಮಿನಿಯಂ ಹೈಡ್ರಾಕ್ಸೈಡನ್ನೇ. ಡಯಾಲಿಸಿಸ್ ಘಟಕಗಳಲ್ಲಿ ನೀರನ್ನು ಆರ್‌ಒ ಯಂತ್ರದಲ್ಲಿ ಅಷ್ಟು ಕಟ್ಟುನಿಟ್ಟಾಗಿ ಶುದ್ಧೀಕರಿಸುವುದರ ಹಿಂದೆ ಈ ಇತಿಹಾಸವೂ ಇದೆ.

ರಕ್ತನಾಳ ಮೂಳೆಯಾಗಲು ಹೊರಟಾಗ

ರಂಜಕ, ಕ್ಯಾಲ್ಸಿಯಂ ಹೆಚ್ಚಾದರೆ ಉಪ್ಪು ಹೆಪ್ಪುಗಟ್ಟಿದ ಹಾಗೆ ರಕ್ತನಾಳದ ಗೋಡೆಗೆ ಅಂಟುತ್ತವೆ ಎಂದು ಬಹುಕಾಲ ನಂಬಿದ್ದರು. ನಡೆಯುವುದು ಅಷ್ಟು ಸರಳವಲ್ಲ. ಗೋಡೆಯ ಸ್ನಾಯು ಜೀವಕೋಶಗಳೊಳಗೆ ರಂಜಕ ಹೆಚ್ಚು ನುಗ್ಗಿದಾಗ ಅವು ತಮ್ಮ ಕಸುಬು ಬದಲಿಸಿ ಮೂಳೆ ಕಟ್ಟುವ ಜೀವಕೋಶಗಳಂತೆ ವರ್ತಿಸತೊಡಗುತ್ತವೆ. ಅದನ್ನು ತಡೆಯುವ ಪ್ರೋಟೀನುಗಳೂ ರಕ್ತದಲ್ಲಿ, ಗೋಡೆಯಲ್ಲಿ ಇವೆ. ಅವುಗಳಲ್ಲೊಂದು ಕೆಲಸ ಮಾಡಲು ವಿಟಮಿನ್ ಕೆ ಬೇಕು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ವಿಟಮಿನ್ ಕೆಯನ್ನು ಅಡ್ಡಗಟ್ಟುವುದರಿಂದ ಈ ಕಾವಲೂ ಸಡಿಲವಾಗುತ್ತದೆ. ನಾಳ ಬಿರುಸಾದಂತೆ ಮೇಲಿನ ಬಿಪಿ ಏರುತ್ತದೆ, ಕೆಳಗಿನದು ಇಳಿಯುತ್ತದೆ, ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ಹೆಣಗಬೇಕಾಗುತ್ತದೆ.

ಇದರ ಅತ್ಯಂತ ಭೀಕರ ರೂಪ ಕ್ಯಾಲ್ಸಿಫಿಲ್ಯಾಕ್ಸಿಸ್, ಅಪರೂಪದ್ದು. ಹೊಟ್ಟೆ, ತೊಡೆಯ ಕೊಬ್ಬಿರುವ ಕಡೆ ಚರ್ಮದಡಿಯ ಸಣ್ಣ ನಾಳಗಳು ಮುಚ್ಚಿ, ಮುಟ್ಟಲಾಗದಷ್ಟು ನೋವಿನ ನೇರಳೆ ಕಲೆಗಳೆದ್ದು ಕಪ್ಪು ಹುಣ್ಣಾಗುತ್ತವೆ. ಒಂದು ವರ್ಷದೊಳಗೆ ಅರ್ಧದ ಆಸುಪಾಸು ರೋಗಿಗಳು ತೀರಿಕೊಳ್ಳುತ್ತಾರೆ. ಡಯಾಲಿಸಿಸ್‌ನಲ್ಲಿರುವವರಿಗೆ ಗಾಯವಾಗದೆಯೇ ಇಂಥ ನೋವಿನ ಕಲೆ ಕಂಡರೆ ಮುಲಾಮು ಹಚ್ಚಿ ಕಾಯುವ ವಿಷಯವಲ್ಲ, ಅಂದೇ ವೈದ್ಯರಿಗೆ ತೋರಿಸಬೇಕು.

ಸೊಂಟದ ಮೂಳೆ ಮುರಿಯುವ ಸಂಭವ ಡಯಾಲಿಸಿಸ್‌ನಲ್ಲಿರುವವರಿಗೆ ಅದೇ ವಯಸ್ಸಿನ ಇತರರಿಗಿಂತ ಸುಮಾರು ನಾಲ್ಕು ಪಟ್ಟು. ಆದರೆ ಮುರಿದ ಕೂಡಲೇ ಸಾಮಾನ್ಯ ಮೂಳೆಸವೆತಕ್ಕೆ ಕೊಡುವ ಇಂಜೆಕ್ಷನ್ ಕೊಡುವಂತಿಲ್ಲ. ಅಂಥ ಇಂಜೆಕ್ಷನ್‌ಗಳಲ್ಲೊಂದಾದ ಡೆನೋಸುಮ್ಯಾಬ್‌ನಿಂದ ಡಯಾಲಿಸಿಸ್ ರೋಗಿಗಳ ಕ್ಯಾಲ್ಸಿಯಂ ಜೀವಕ್ಕೇ ಅಪಾಯವಾಗುವಷ್ಟು ಕುಸಿಯಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಜನವರಿಯಲ್ಲಿ ಅತ್ಯುನ್ನತ ದರ್ಜೆಯ ಎಚ್ಚರಿಕೆ ಹಾಕಿಸಿದೆ. ಮೂಳೆಸವೆತಕ್ಕೆ ಕೊಡುವ ಇನ್ನೊಂದು ಬಗೆಯ ಔಷಧಗಳಾದ ಬಿಸ್ಫಾಸ್ಫೊನೇಟ್‌ಗಳು ಕಿಡ್ನಿಯ ಮೂಲಕವೇ ಹೊರಹೋಗಬೇಕಾದವು. ಜೊತೆಗೆ ನಿಶ್ಚಲ ಮೂಳೆಯನ್ನು ಮತ್ತಷ್ಟು ನಿಶ್ಚಲಗೊಳಿಸುವ ಭಯ. ಮೂಳೆತಜ್ಞರು ಬರೆದುಕೊಟ್ಟದ್ದನ್ನು ಕಿಡ್ನಿತಜ್ಞರಿಗೆ ತೋರಿಸದೆ ಚುಚ್ಚಿಸಿಕೊಳ್ಳಬಾರದು.

ಎಲ್ಲ ನೋವೂ ಇದೇ ಲೆಕ್ಕಕ್ಕೆ ಸೇರುವುದಿಲ್ಲ. ಹತ್ತು ವರ್ಷ ಮೀರಿ ಡಯಾಲಿಸಿಸ್‌ನಲ್ಲಿರುವವರಿಗೆ ರಾತ್ರಿ ಭುಜ ನೋಯುವುದು, ಬೆರಳು ಮರಗಟ್ಟುವುದು ಬೀಟಾ-2 ಮೈಕ್ರೋಗ್ಲೋಬ್ಯುಲಿನ್ ಎಂಬ ಪ್ರೋಟೀನ್ ಕೀಲುಗಳಲ್ಲಿ ಶೇಖರವಾಗಿಯೂ ಇರಬಹುದು. ಅದಕ್ಕೆ ಬೈಂಡರ್ ಮದ್ದಲ್ಲ.

ಕಿಡ್ನಿ ಕಸಿಯಾದರೆ ಬಹುಪಾಲು ಲೆಕ್ಕ ಸರಿಯಾಗುತ್ತದೆ, ಒಮ್ಮೆಲೇ ಅಲ್ಲ. ಹೊಸ ಕಿಡ್ನಿ ಬಂದ ದಿನವೂ ಹಳೆಯ ಎಫ್‌ಜಿಎಫ್-23 ಮತ್ತು ಪಿಟಿಎಚ್ ಏರಿಯೇ ಇರುತ್ತವೆ. ಆದೇಶ ಕೇಳುವ ಕಿಡ್ನಿ ಈಗ ಸಿಕ್ಕಿದೆ. ಅದು ರಂಜಕವನ್ನು ಅತಿಯಾಗಿ ಹೊರಹಾಕುತ್ತದೆ. ಕಸಿಯ ಹಿಂದಿನ ದಿನದವರೆಗೂ ರಂಜಕ ಬಿಡಿ ಎಂದು ಹೇಳಿಸಿಕೊಂಡವರಿಗೆ ಮುಂದಿನ ವಾರಗಳಲ್ಲಿ ರಂಜಕದ ಮಾತ್ರೆಯನ್ನೇ ಕೊಡಬೇಕಾಗಬಹುದು. ಎಫ್‌ಜಿಎಫ್-23 ತಿಂಗಳುಗಳಲ್ಲಿ ಇಳಿಯುತ್ತದೆ. ಗಂಟಾಗಿ ಬೆಳೆದ ಪ್ಯಾರಾಥೈರಾಯ್ಡ್ ಮಾತ್ರ ವರ್ಷ ಕಳೆದರೂ ಪಿಟಿಎಚ್ ಸುರಿಸುತ್ತಲೇ ಇದ್ದು, ರಕ್ತದ ಕ್ಯಾಲ್ಸಿಯಂಅನ್ನು ಈ ಬಾರಿ ಮೇಲಕ್ಕೆ ತಳ್ಳಬಹುದು.